ಉಜ್ಜಿದಷ್ಟೂ ತುಕ್ಕು

ಪ್ಲಂಬರು ವಿನೆಗರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಸಲ ಒರೆಸಿದ್ದೇ ತಡ, ಸಿಂಕಿನ ಕೆಳಗಿನ ಸ್ಟೀಲ್ ಪೈಪಿನ ತುಕ್ಕೆಲ್ಲ ಬಟ್ಟೆಗೆ ಬಂತು. ಬೆನ್ನ ಹಿಂದೆಯೇ ನಿಂತಿದ್ದ ಅತ್ತೆ ಹುಬ್ಬು ಗಂಟಿಕ್ಕಿದರು. ಇಷ್ಟು ಸಲೀಸಾಗಿ ಹೋಗುವ ತುಕ್ಕು ದಿನಾ ಸಂಜೆಯೊಳಗೆ ಮತ್ತೆ ಹೇಗೆ ಬರುತ್ತದೆ? ಯಾರೋ ಬೇಕೆಂದೇ ಮಾಡುತ್ತಿರಬೇಕು. ಈ ಪ್ಲಂಬರನ್ನೂ ಸೊಸೆಯೇ ಫೋನ್ ಮಾಡಿ ಕರೆಸಿದ್ದು. ಇವನ ಮೇಲೂ ಒಂದು ಕಣ್ಣಿಡಬೇಕು.

"ಇವಳದ್ದೇ ಕೆಲಸ ಕಣಪ್ಪ, ಉಪ್ಪು ನೀರು ಚೆಲ್ತಾಳೆ," ಎಂದರು. "ನಾನು ಬೆಳಿಗ್ಗೆ ಎದ್ದು ಉಜ್ಜಿ ಉಜ್ಜಿ ಫಳಫಳ ಅನ್ನಿಸ್ತೀನಿ, ಸಂಜೆಗೆ ಮತ್ತೆ ಅದೇ ಕೆಂಪು. ನೋಡು, ಆಗ್ಲೇ ಕೈ ನೋಡ್ಕೋತಿದಾಳೆ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ."

"ನಾನು ಆ ಪೈಪ್ ಮುಟ್ಟೇ ಇಲ್ಲ, ಅತ್ತೆ," ಎಂದಳು ಬಾಗಿಲಲ್ಲಿ ನಿಂತಿದ್ದ ಸೊಸೆ.

ಪ್ಲಂಬರು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೆಂಪು ಕಲೆಯ ನಡುವೆ ಕೂದಲಿಗಿಂತ ಸಣ್ಣ ತಂತಿಯ ಚೂರುಗಳು ಅಂಟಿಕೊಂಡಿದ್ದವು. "ಅಮ್ಮಾ, ಪೈಪಿಗೆ ತುಕ್ಕೇ ಹಿಡಿದಿಲ್ಲ. ಪಾತ್ರೆ ತಿಕ್ಕೋ ಕಬ್ಬಿಣದ ನಾರು ಹಾಕಿ ಉಜ್ಜಿದ್ರೆ ಹೀಗೇ ಆಗೋದು. ನಾರಿನ ಚೂರು ಪೈಪಿಗೆ ಅಂಟ್ಕೊಳ್ಳುತ್ತೆ, ನೀರು ತಾಗಿದ್ರೆ ಅದಕ್ಕೆ ತುಕ್ಕು ಹಿಡಿಯುತ್ತೆ. ಉಜ್ಜಿದಷ್ಟೂ ಜಾಸ್ತಿ."

ಸೊಸೆ ತನ್ನ ಎರಡೂ ಅಂಗೈಗಳನ್ನು ಸುಮ್ಮನೆ ಮುಂದೆ ಚಾಚಿದಳು; ಒಂದು ಕಲೆಯೂ ಇರಲಿಲ್ಲ. ಅತ್ತೆ ಉಗುರಿನ ಸಂದಿಯಲ್ಲೆಲ್ಲ ಕೆಂಪು ಕೂತಿದ್ದ ತಮ್ಮ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿಕೊಂಡರು.