ದಿನಕ್ಕೆ ನಾಲ್ಕು ನಿಮಿಷ

ಮೊದಲ ಮೂರು ಲೆಕ್ಕ ಸರಿಯಾಗಿದ್ದವು. ನಾಲ್ಕನೆಯದರಿಂದ ಕೊನೆಯವರೆಗೂ ಚೂಟಿ ಒಂದೇ ಉತ್ತರ ಬರೆದಿಟ್ಟಿದ್ದಳು: "ಬೇಜಾರು."

ಗಡಿಯಾರ ರಿಪೇರಿಯ ಅಜ್ಜ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಹಾಳೆ ನೋಡಿದ. ನಗು ಬಂತು, ಹಿಂದೆಯೇ ಹೆದರಿಕೆಯೂ ಆಯಿತು. ಹಲ್ಲುಜ್ಜುವಾಗಲೂ ಲೆಕ್ಕ ಕೇಳಿ ಪ್ರಾಣ ತಿನ್ನುತ್ತಿದ್ದ ಎಂಟು ವರ್ಷದ ಮೊಮ್ಮಗಳು ಈಚೆಗೆ ಪೆನ್ಸಿಲ್ ಕಂಡರೆ ಮುಖ ಸಿಂಡರಿಸುತ್ತಿದ್ದಳು. ಆ ಪ್ರೀತಿಯೇ ಬತ್ತಿಹೋದರೆ? ಬಂದ ಲೆಕ್ಕವನ್ನೇ ಮತ್ತೆ ಮತ್ತೆ ಮಾಡಿಸುವ ಕಾಟ ತಪ್ಪಲೆಂದು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದಳು ಅವಳಮ್ಮ. ಆದರೆ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳು ಪಾಪ, ಡ್ಯೂಟಿಗೆ ಓಡುವ ಮುಂಚೆ ಬರೆದಿಡುತ್ತಿದ್ದುದೂ ಅದೇ ಭಾಗಾಕಾರಗಳ ಸಾಲು.

"ಹೀಗೆ ಬರೆದ್ರೆ ಅಮ್ಮ ಸುಮ್ನಿರ್ತಾಳಾ?"

"ಬರತ್ತೆ ಅಂತ ತೋರಿಸಿದೀನಲ್ಲ ಅಜ್ಜ. ಇನ್ನೆಷ್ಟು ಸಲ ತೋರಿಸ್ಲಿ? ನಂಗೆ ಲೆಕ್ಕಾನೇ ಬೇಡ."

"ನಾನೂ ಒಂದೇ ಗಡಿಯಾರಾನ ನೂರು ಸಲ ಬಿಚ್ಚಿ ಜೋಡಿಸೇ ಕಲಿತಿದ್ದು ಕಣೇ."

"ಬಂದ್ಮೇಲೂ ಅದನ್ನೇ ಬಿಚ್ತಾ ಕೂತಿದ್ಯಾ?"

ಅಜ್ಜ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟ. ಇಲ್ಲ. ಕೈ ಕುದುರಿದ ದಿನವೇ ಗುರು ಅದನ್ನು ಕಸಿದುಕೊಂಡು, ಯಾರ ಕೈಗೂ ಬಗ್ಗದ ಇನ್ನೊಂದನ್ನು ಮುಂದಿಟ್ಟಿದ್ದ. ಅವತ್ತು ಊಟವನ್ನೇ ಮರೆತದ್ದು ನೆನಪಾಯಿತು.

ಅವನು ಎದ್ದು ಗೋಡೆಯ ಹಳೆಯ ಗಡಿಯಾರದ ಮುಳ್ಳು ತಿರುಗಿಸಿ ಸಮಯ ಸರಿಮಾಡಿದ. "ಇದು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳತ್ತೆ. ಕೀ ಕೊಡ್ತಾ ಇರ್ತೀನಿ, ಮುಳ್ಳು ಮಾತ್ರ ಯಾರೂ ಮುಟ್ಟೋ ಹಾಗಿಲ್ಲ. ಮತ್ತೆ ಯಾವಾಗ ಸರಿಯಾದ ಟೈಮ್ ತೋರಿಸತ್ತೆ ಹೇಳು."

"ಯಾವತ್ತೂ ಇಲ್ಲ! ಹಿಂದೆ ಬೀಳ್ತಾನೇ ಹೋಗತ್ತೆ."

"ಹೌದಾ?" ಎಂದ ಅಜ್ಜ. ನಿಜ ಹೇಳಬೇಕೆಂದರೆ ಅವನಿಗೂ ಉತ್ತರ ಗೊತ್ತಿರಲಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಿ ಗೊತ್ತೇ ಹೊರತು, ಹಾಗೇ ಬಿಟ್ಟರೆ ಏನಾದೀತೆಂದು ಜನ್ಮದಲ್ಲಿ ಯೋಚಿಸಿದವನಲ್ಲ.

ಚೂಟಿ ಮೇಜಿನ ಕೆಳಗೆ ನುಸುಳಿ, ಗಲ್ಲಕ್ಕೆ ಕೈಕೊಟ್ಟು ಮುಳ್ಳುಗಳನ್ನೇ ದಿಟ್ಟಿಸುತ್ತ ಕೂತಳು. ಎಷ್ಟೋ ಹೊತ್ತಿನ ಮೇಲೆ ದಡಕ್ಕನೆ ಎದ್ದು ತಲೆ ಹೊಡೆಸಿಕೊಂಡಳು. ನೋವಿನ ಪರಿವೆಯೇ ಇರಲಿಲ್ಲ.

"ಅಜ್ಜಾ! ಮುಳ್ಳಿಗೆ ಹಗಲು ರಾತ್ರಿ ಗೊತ್ತಿಲ್ವಲ್ಲ! ಪೂರ್ತಿ ಹನ್ನೆರಡು ಗಂಟೆ ಹಿಂದೆ ಬಿದ್ರೆ ಮತ್ತೆ ಸರಿಯಾಗಿಬಿಡತ್ತೆ!"

ಹನ್ನೆರಡು ಗಂಟೆಯನ್ನು ನಿಮಿಷ ಮಾಡಿ, ನಾಲ್ಕರಿಂದ ಭಾಗಿಸಿದಳು. ಬೇಡವೆಂದಿದ್ದ ಅದೇ ಭಾಗಾಕಾರ, ಈಗ ಯಾರೂ ಹೇಳದೆ. "ನೂರ ಎಂಬತ್ತು ದಿನ!"

ಅಜ್ಜನ ಎದೆ ತುಂಬಿ ಬಂತು. ಇಷ್ಟು ವರ್ಷ ಮುಳ್ಳು ತಿರುಗಿಸಿದವನಿಗೆ ಹೊಳೆಯದ್ದು ಆ ಪುಟ್ಟ ತಲೆಗೆ ಹೊಳೆದಿತ್ತು.

ಸಂಜೆ ಅಮ್ಮ ಹಾಳೆ ನೋಡಿದಳು, ಅಜ್ಜನಿಂದ ಕಥೆ ಕೇಳಿದಳು. ಮರುದಿನದಿಂದ ಹಾಳೆಯಲ್ಲಿ ಒಂದೇ ಒಂದು ಲೆಕ್ಕ ಇರುತ್ತಿತ್ತು, ಅದೂ ಬರೆದಿಟ್ಟ ಅಮ್ಮನಿಗೇ ಉತ್ತರ ಗೊತ್ತಿಲ್ಲದ್ದು.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಮರೆತು ಆ ಗಡಿಯಾರ ನಂಬಿದ ಅಮ್ಮನಿಗೆ ಬಸ್ಸು ತಪ್ಪಿತು. ಧುಮುಗುಟ್ಟುತ್ತ ವಾಪಸು ಬಂದವಳೇ ಕುರ್ಚಿ ಎಳೆದು ಹತ್ತಿದಳು. "ಏನಪ್ಪಾ ಇದು, ರಿಪೇರಿಯವರ ಮನೇಲೇ ಹೀಗಾ?" ಎನ್ನುತ್ತ ಮುಳ್ಳಿಗೆ ಕೈ ಹಾಕಿದಳು.

ಚೂಟಿ ಓಡಿಬಂದು ಅವಳ ಎರಡೂ ಕಾಲು ತಬ್ಬಿಕೊಂಡಳು.

"ಮುಟ್ಬೇಡಮ್ಮಾ! ನನ್ನ ಲೆಕ್ಕ ಇನ್ನೂ ನಡೀತಾ ಇದೆ!"