ಅಳಿಸಿದ ಗೆರೆ

ನಮ್ಮ ನಡುಗಡ್ಡೆಗಳಲ್ಲಿ ಸೇತುವೆಯನ್ನು ಕಟ್ಟುವುದಿಲ್ಲ, ಬರೆಯುತ್ತಾರೆ. ಮೂವರು ಒಬ್ಬರಾದ ಮೇಲೊಬ್ಬರು ತಂತಮ್ಮ ಪಾಟಿಯ ಮೇಲೆ ಗೆರೆ ಎಳೆದರೆ ಹೊಳೆಯಿಂದ ಒಂದೊಂದೇ ಕಮಾನು ಏಳುತ್ತದೆ. ಒಬ್ಬರ ಕೈ ತಪ್ಪಿದರೂ ಬರೆದವರೆಲ್ಲ ಅಳಿಸಬೇಕು, ಕೊನೆಗೆ ಬರೆದವರು ಮೊದಲು. ಆಗ ಎಲ್ಲವೂ, ಸೇತುವೆ ಹತ್ತಿದವರ ನೆನಪೂ, ಮೊದಲಿದ್ದ ಹಾಗೆಯೇ ಆಗುತ್ತದೆ. ನೆನಪು ಉಳಿಯುವುದು ಪಾಟಿ ಹಿಡಿದವರಿಗೆ ಮಾತ್ರ. ಅಳಿಸುವುದು ತಡವಾದರೆ ಸೇತುವೆಯ ಮೇಲಿದ್ದವರನ್ನು ಹೊಳೆ ನುಂಗುತ್ತದೆ.

ಅವತ್ತು ಆಚೆ ದಂಡೆಯವರು ಮೊದಲ ಗೆರೆ ಎಳೆದರು, ಎರಡನೆಯದನ್ನು ಈಚೆ ದಂಡೆಯ ದಾನವ್ವ ಎಳೆದಳು. ಮೂರನೆಯದು ಮುಗಿಯುವ ತನಕ ಯಾರೂ ಹತ್ತಬಾರದು. ಆದರೆ ಮೂರು ತಿಂಗಳ ಕೂಸನ್ನು ಮೊದಲ ಸಲ ತವರಿಗೆ ತರುತ್ತಿದ್ದ ಮಗಳು ನೀಲವ್ವನಿಗೆ ತಾಳ್ಮೆ ಎಲ್ಲಿಯದು? ಎರಡನೆಯ ಕಮಾನಿನ ತುದಿಗೇ ಓಡಿಬಂದು, ಕುಂಚಿಗೆ ಸರಿಸಿ ಕೂಸಿನ ಮುಖ ತೋರಿಸಿದಳು.

ಅಷ್ಟರಲ್ಲಿ ದಾನವ್ವನ ಪಕ್ಕದಲ್ಲಿ ಮೂರನೆಯ ಗೆರೆ ಎಳೆಯುತ್ತಿದ್ದ ಹುಸೇನಸಾಬನಿಗೆ ಕೆಮ್ಮು ಒತ್ತರಿಸಿ ಬಂದು ಬಳಪ ಮುರಿಯಿತು.

"ಲಗೂನ ಅಳಿಸ್ರಿ, ದಾನಕ್ಕಾ!"

ಅಳಿಸಬೇಕಾದ ಕಮಾನಿನ ಮೇಲೆಯೇ ಕೂಸು ನಗುತ್ತಿತ್ತು. ದಾನವ್ವ ಅದನ್ನೇ ನೋಡುತ್ತ ಒದ್ದೆ ಹೆಬ್ಬೆರಳನ್ನು ಪಾಟಿಯ ಮೇಲೆ ಎಳೆದಳು. ಆಚೆಯವರೂ ಅಳಿಸಿದರು.

ಸದ್ದಿಲ್ಲ, ಒಂದು ತೆರೆಯೂ ಏಳಲಿಲ್ಲ. ನೀಲವ್ವ ಆಚೆ ದಂಡೆಯ ಮೇಲೆ, ಸೀರೆಯ ಅಂಚೂ ನೆನೆಯದೆ, ಕೂಸನ್ನು ಬಿಗಿಯಾಗಿ ಸುತ್ತಿಕೊಂಡು ನಿಂತಿದ್ದಳು. ನಲವತ್ತು ವರ್ಷದಿಂದ ಇದನ್ನು ನೋಡುತ್ತ ಬಂದ ದಾನವ್ವನಿಗೆ ಈಗಲೂ ಮೈ ಜುಮ್ಮೆಂದಿತು.

"ಯವ್ವಾ, ಇನ್ನಾ ಯಾಕ ಬರದಿಲ್ಲ?" ಮಗಳು ಕೂಗಿದಳು.

"ಬರೀತೀವಿ, ತಡಿ! ಕೂಸಿನ ಗದ್ದದ ಕುಳಿ ನಿಮ್ಮಪ್ಪಂದ ಐತಿ ನೋಡು!"

ಕುಂಚಿಗೆಯನ್ನು ಇನ್ನೂ ಸರಿಸಿರದ ನೀಲವ್ವ ಬೆರಗಾಗಿ ಕೂಗಿದಳು: "ನೀ ಯಾವಾಗ ನೋಡಿದಿ?"