ಮಾಸಿ ತುರುಬು ಬಿಚ್ಚಿದ ಮಧ್ಯಾಹ್ನ

ಕರ್ಪೂರ ಹಾಕಿದ ತೆಂಗಿನೆಣ್ಣೆಯ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ನೆಲ ನೋಡುತ್ತದೆ.

ಬಾಲಿಗಂಜಿನ ನಮ್ಮ ಮನೆಯಲ್ಲಿ ಅಂದು ಮಧ್ಯಾಹ್ನವೂ ಲೋಡ್‌ಶೆಡ್ಡಿಂಗು. ಅಮ್ಮ ಬಾಲ್ಕನಿಯ ಬೆಳಕಿನಲ್ಲಿ ಅಪ್ಪನ ಬಿಳಿ ಪಂಚೆ ಹಾಸಿ, ನನ್ನ ತಲೆಗೆ ಆ ಎಣ್ಣೆ ಹಚ್ಚಿ, ಹೇನು ಬಾಚಣಿಗೆ ಎಳೆಯುತ್ತಿದ್ದಳು. ಹೇನು ಉದುರುತ್ತಲೇ ಇದ್ದವು.

"ಇದು ಯಾರ ತಲೆಯಿಂದ ಬಂದದ್ದು ಮಾರಾಯ್ತಿ?"

ಶಾಲೆಯ ಗೆಳತಿಯ ರಿಬ್ಬನ್ ಕಟ್ಟಿಕೊಂಡಿದ್ದೆ ಎಂದರೆ ಏಟು ಬೀಳುತ್ತಿತ್ತು. ದಿನಾ ನನಗೆ ಜಡೆ ಹೆಣೆಯುವ, ಮನೆಗೆಲಸದ ಬಂಗಾಳಿ ಮಾಸಿ ಅಲ್ಲೇ ನೆಲ ಒರೆಸುತ್ತಿದ್ದಳು. ಅವಳಿಗೆ ಕನ್ನಡ ಬಾರದೆಂದು ಮನೆಯ ಗುಟ್ಟನ್ನೆಲ್ಲ ಅವಳೆದುರೇ ಆಡುವವರು ನಾವು.

"ಮಾಸಿಯಿಂದ," ಎಂದೆ.

"ಹಾಗಾದ್ರೆ ನಾಳೆಯಿಂದ ಅವಳ ಹತ್ರ ಜಡೆ ಹಾಕಿಸ್ಕೊಳ್ಬೇಡ."

ಮಾಸಿ ಒರೆಸುವ ಬಟ್ಟೆ ಹಿಂಡಿಟ್ಟು ಬಂದು, ಅಮ್ಮನ ಮುಂದೆ ಕೂತು ತುರುಬು ಬಿಚ್ಚಿದಳು. "ದ್ಯಾಖೋ ಬೌದಿ," ನೋಡು ಅತ್ತಿಗೆ, ಎಂದು ತಲೆಯೊಡ್ಡಿದಳು. ಅಮ್ಮ ಪಂಚೆ ಕೊಡವಿ ಮೂರು ಸಲ ಬಾಚಿದಳು. ನಾಲ್ಕು ಕೂದಲು ಬಿಟ್ಟು ಬೇರೇನೂ ಬೀಳಲಿಲ್ಲ.

ಅಮ್ಮ ಬಾಚಣಿಗೆ ಕೆಳಗಿಟ್ಟಳು. ಮಾಸಿ ಅದನ್ನೆತ್ತಿಕೊಂಡು, ನನ್ನನ್ನು ಹತ್ತಿರಕ್ಕೆ ಎಳೆದು, ಅಮ್ಮನದೇ ರಾಗದಲ್ಲಿ, ನಮ್ಮದೇ ಕನ್ನಡದಲ್ಲಿ ಹೇಳಿದಳು:

"ತಲೆ ಬಗ್ಗಿಸು ಮಗಾ, ನೋವಾಗುದಿಲ್ಲ."